ರಕ್ತದ ಮಾತ್ರೆಯೂ ಮಂಡಿಯ ನೋವೂ

ನಾಲ್ಕು ವರ್ಷಗಳಿಂದ ನಾವು ಬೆಳಗ್ಗೆ ಒಂದು, ರಾತ್ರಿ ಒಂದು, ಹೀಗೆ ದಿನವೊಂದಕ್ಕೆ ಎರಡು ಸಣ್ಣ ಮಾತ್ರೆಗಳನ್ನು ಸೇವಿಸುತ್ತಲಿದ್ದೇವೆ. ಔಷಧದ ಹೆಸರು ಅಪಿಕ್ಸಾಬಾನ್. ಲೋಕರೂಢಿಯಲ್ಲಿ ಇಂತಹವುಗಳಿಗೆಲ್ಲ "ರಕ್ತ ತೆಳ್ಳಗಾಗುವ ಮಾತ್ರೆ" ಎಂಬ ಒಂದೇ ಹೆಸರು. ಹೆಸರು ಅಷ್ಟೇನೂ ಸರಿಯಾದುದಲ್ಲ. ಗಟ್ಟಿ ಮಜ್ಜಿಗೆಗೆ ನೀರು ಬೆರೆಸಿದಂತೆ ರಕ್ತವು ನೀರಾಗಿಬಿಡುವುದೆಂದು ಕೇಳಿದವರು ಭಾವಿಸುವುದುಂಟು. ರಕ್ತವು ಮೊದಲಿದ್ದಷ್ಟೇ ಮಂದವಾಗಿರುತ್ತದೆ. ಅದು ಹೆಪ್ಪುಗಟ್ಟುವ ಕಾರ್ಯ ಮಾತ್ರ ತಡವಾಗುತ್ತದೆ.

ಈ ಮಾತ್ರೆ ನಮಗೆ ಏಕೆ ಬೇಕಾಯಿತೆಂಬುದನ್ನೂ ಸಂಕ್ಷೇಪವಾಗಿ ಹೇಳಬೇಕು. ಹೃದಯದ ಮೇಲಣ ಎರಡು ಕೋಣೆಗಳಿಗೆ ಹೃತ್ಕರ್ಣಗಳೆಂದು ಹೆಸರು. ಅವು ಕ್ರಮವಾಗಿ ಕುಗ್ಗಿ ಹಿಗ್ಗುವುದನ್ನು ಬಿಟ್ಟು, ಗಾಳಿಗೆ ಸಿಕ್ಕಿದ ಅರಳಿಯೆಲೆಯಂತೆ ಸುಮ್ಮನೆ ಅದುರುತ್ತಿರುವ ಸ್ಥಿತಿಯನ್ನು ವೈದ್ಯರು ಏಟ್ರಿಯಲ್ ಫಿಬ್ರಿಲೇಷನ್ ಎನ್ನುತ್ತಾರೆ. ನಾಡಿಯನ್ನು ಹಿಡಿದು ನೋಡಿದರೆ ತಾಳ ತಪ್ಪಿದ ಮೃದಂಗವನ್ನು ಕೇಳಿದಂತಾಗುತ್ತದೆ. ತಾಳ ತಪ್ಪಿದುದಷ್ಟೇ ಆಗಿದ್ದರೆ ಸಹಿಸಬಹುದಾಗಿತ್ತು. ಎಡ ಹೃತ್ಕರ್ಣಕ್ಕೆ ಅಂಟಿಕೊಂಡು ಕಿವಿಯಾಕಾರದ ಒಂದು ಪುಟ್ಟ ಚೀಲವಿದೆ. ಅಲ್ಲಿ ರಕ್ತವು ಕಟ್ಟೆಯ ಮೂಲೆಯ ನೀರಿನಂತೆ ನಿಂತು ಹೆಪ್ಪಾಗುತ್ತದೆ. ಆ ಹೆಪ್ಪಿನ ಚೂರು ಕಿತ್ತು ಮಿದುಳಿನ ನಾಳಕ್ಕೆ ಸಿಕ್ಕಿಕೊಂಡರೆ ಪಾರ್ಶ್ವವಾಯು. ಈ ರೋಗವುಳ್ಳವರಿಗೆ ಪಾರ್ಶ್ವವಾಯುವಿನ ಅಪಾಯ ಇತರರಿಗಿಂತ ಸುಮಾರು ಐದು ಪಟ್ಟು ಹೆಚ್ಚು. ವಾರ್ಫರಿನ್ ಎಂಬ ಹಳೆಯ ಔಷಧವು ಆ ಅಪಾಯದಲ್ಲಿ ಸುಮಾರು ಮೂರರಲ್ಲಿ ಎರಡು ಪಾಲನ್ನು ತಗ್ಗಿಸುತ್ತದೆಂದು ಪ್ರಯೋಗಗಳಿಂದ ಸಿದ್ಧವಾಗಿದೆ. ಹೊಸ ಮಾತ್ರೆಗಳೂ ಅದಕ್ಕೆ ಕಡಿಮೆಯಾದುವಲ್ಲ.

ಮಾತ್ರೆ ಆರಂಭವಾಗಿ ಆರು ತಿಂಗಳು ಕಳೆಯುವುದರೊಳಗೆ ನಮ್ಮ ಎಡಮಂಡಿಯೂ ಎರಡು ಹೆಗಲುಗಳೂ ನೋಯತೊಡಗಿದವು. ರಾತ್ರಿ ಮೀನಖಂಡಗಳು ಸೆಟೆದುಕೊಂಡು ನಿದ್ದೆ ಕೆಡುತ್ತಿತ್ತು. ಮನೆಗೆ ಬಂದವರೆಲ್ಲರೂ "ಆ ಮಾತ್ರೆಯದೇ ಕೆಲಸ" ಎಂದು ತೀರ್ಪಿತ್ತರು. "ಮೂಗಿಗಿಂತ ಮೂಗುತಿ ಭಾರವಾಯಿತಲ್ಲಾ, ಬಿಟ್ಟು ನೋಡಬಾರದೇ?" ಎಂದವರೂ ಉಂಟು. ಅವರ ಮಾತಿನಲ್ಲಿ ಒಂದು ಸೆಳೆತವಿತ್ತೆಂಬುದನ್ನು ಮುಚ್ಚಿಡಲಾರೆವು. ಮಂಡಿಯ ನೋವು ಮೆಟ್ಟಿಲು ಹತ್ತಿದಾಗಲೆಲ್ಲ ಕೂಗಿ ಹೇಳುತ್ತದೆ. ಮಾತ್ರೆಯ ಉಪಕಾರವಾದರೋ ಎಂದೂ ಅನುಭವಕ್ಕೆ ಬರತಕ್ಕದ್ದಲ್ಲ; ಬಾರದೇ ಹೋದ ಪಾರ್ಶ್ವವಾಯುವನ್ನು ಯಾರು ಕಂಡಿದ್ದಾರೆ? ಹೀಗೆ ಒಂದು ಕಡೆಯ ಸಾಕ್ಷಿ ಸದಾ ಮಾತನಾಡುತ್ತ ಇನ್ನೊಂದು ಕಡೆಯ ಸಾಕ್ಷಿ ಸದಾ ಮೂಕವಾಗಿರುವ ವ್ಯಾಜ್ಯದಲ್ಲಿ ನ್ಯಾಯ ಹೇಳುವುದು ಕಷ್ಟ. ಎಷ್ಟೋ ಮನೆಗಳಲ್ಲಿ ಹಿರಿಯರು ಯಾರಿಗೂ ಹೇಳದೆ ಮಾತ್ರೆಯನ್ನು ಬಿಟ್ಟುಬಿಡುವುದು ಈ ಕಾರಣದಿಂದಲೇ ಎಂದು ನಮ್ಮ ಊಹೆ.

ಔಷಧದ ಮೇಲೆ ಹೊರಿಸಿದ ಅಪವಾದದಲ್ಲಿ ಸತ್ಯಾಂಶವೆಷ್ಟು? ಅಪಿಕ್ಸಾಬಾನ್ ಮಾತ್ರೆಗೆ ರಕ್ತಸ್ರಾವದ ದೋಷ ಪ್ರಸಿದ್ಧವಾಗಿದೆಯೇ ಹೊರತು ಸ್ನಾಯುನೋವಿನ ದೋಷ ಹಾಗಲ್ಲ. ಅದರ ಸೋದರನಾದ ರಿವರೋಕ್ಸಾಬಾನ್ ಔಷಧದ ವಿವರಪತ್ರದಲ್ಲಿ ಕೈಕಾಲುಗಳ ನೋವು, ಸ್ನಾಯುಗಳ ಸೆಟೆತ ಇವು ಕಾಣಿಸುತ್ತವೆ. ಅಲ್ಲಿ ಕೊಟ್ಟಿರುವ ಲೆಕ್ಕವನ್ನು ನೋಡಿದರೆ, ಕೈಕಾಲು ನೋವೆಂದವರು ನೂರಕ್ಕೆ 1.7 ಜನ, ಹೋಲಿಕೆಗಾಗಿ ಬೇರೆ ಔಷಧ ಪಡೆದವರಲ್ಲಿ 1.2 ಜನ. ಅವರೆಲ್ಲರೂ ಸೊಂಟದ ಕೀಲನ್ನೋ ಮಂಡಿಯನ್ನೋ ಆಗತಾನೆ ಬದಲಾಯಿಸಿಕೊಂಡಿದ್ದ ರೋಗಿಗಳು! ಅಂತಹವರಿಗೆ ಕಾಲು ನೋಯದಿದ್ದರೆ ಆಶ್ಚರ್ಯಪಡಬೇಕಾಗಿತ್ತು.

ಆದರೂ ಈ ಔಷಧಗಳ ವಂಶಕ್ಕೂ ಕೀಲಿಗೂ ಹುಟ್ಟಿನಿಂದಲೇ ಒಂದು ನಂಟುಂಟು. 1920ರ ದಶಕದಲ್ಲಿ ಕೆನಡಾ ದೇಶದಲ್ಲಿಯೂ ಅಮೆರಿಕದ ಉತ್ತರ ಪ್ರಾಂತಗಳಲ್ಲಿಯೂ ದನಕರುಗಳು ಒಂದು ವಿಚಿತ್ರ ವ್ಯಾಧಿಯಿಂದ ಸಾಯತೊಡಗಿದವು. ಸ್ವೀಟ್ ಕ್ಲೋವರ್ ಎಂಬ ಮೇವು ಬೂಷ್ಟು ಹಿಡಿದಾಗ ಅದನ್ನು ತಿಂದ ದನಗಳು ಮೊದಲು ಕಾಲು ಬಿಗಿದುಕೊಂಡು ಕುಂಟುತ್ತಿದ್ದವು. ಆಮೇಲೆ ಸಣ್ಣ ಗಾಯವೊಂದರಿಂದ ರಕ್ತ ಸುರಿದು ಸಾಯುತ್ತಿದ್ದವು. ಆ ಕುಂಟು ವಾತದಿಂದಾದುದಲ್ಲ, ಸ್ನಾಯುಗಳ ಒಳಗೂ ಕೀಲುಗಳ ಒಳಗೂ ರಕ್ತ ಜಿನುಗಿದುದರಿಂದ ಆದುದು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ ಪ್ರಾಂತದ ರೈತನೊಬ್ಬನು ಹಿಮದ ಬಿರುಗಾಳಿಯಲ್ಲಿ ಸತ್ತ ಕಡಸನ್ನೂ, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನನ್ನೂ, ಕೆಟ್ಟ ಮೇವನ್ನೂ ಹೇರಿಕೊಂಡು ಕಾರ್ಲ್ ಪಾಲ್ ಲಿಂಕ್ ಎಂಬ ರಸಾಯನಶಾಸ್ತ್ರಜ್ಞರ ಪ್ರಯೋಗಶಾಲೆಗೆ ಬಂದನು. ಆರು ವರ್ಷಗಳ ಪರಿಶ್ರಮದ ಮೇಲೆ, 1939ರಲ್ಲಿ, ಅಲ್ಲಿಯವರು ಮೇವಿನೊಳಗಿನ ವಿಷವನ್ನು ಬೇರ್ಪಡಿಸಿದರು. ಅದೇ ವಂಶದ ವಾರ್ಫರಿನ್ 1948ರಲ್ಲಿ ಇಲಿಪಾಷಾಣವಾಗಿ ಅಂಗಡಿಗೆ ಬಂದಿತು. 1954ರಲ್ಲಿ ಮನುಷ್ಯರಿಗೆ ಔಷಧವಾಯಿತು. ಮರುವರ್ಷ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್‌ಗೆ ಹೃದಯಾಘಾತವಾದಾಗ ಅವರೂ ಇದನ್ನೇ ಸೇವಿಸಿದರು. ಇಲಿಗೆ ಹಾಕುವುದನ್ನು ಮನುಷ್ಯನಿಗೆ ಕೊಡುವುದೇ ಎಂದು ಮೂಗು ಮುರಿಯುವವರು ಪ್ರಮಾಣದ ಮಾತನ್ನು ಮರೆಯುತ್ತಾರೆ.

ನಮ್ಮ ವೈದ್ಯರಿಗೆ ನೋವಿನ ವಿಷಯ ತಿಳಿಸಿದಾಗ ಅವರು ಮಾತ್ರೆಯ ಸುದ್ದಿಗೇ ಮೊದಲು ಹೋಗಲಿಲ್ಲ. ನೋವು ಒಂದೇ ದಿನದಲ್ಲಿ ಬಂದಿತೋ ನಿಧಾನವಾಗಿ ಏರಿತೋ, ಮಂಡಿ ಊದಿ ಬಿಸಿಯಾಗಿದೆಯೋ, ಎಲ್ಲಿಯಾದರೂ ಚರ್ಮ ನೀಲಿಗಟ್ಟಿದೆಯೋ ಎಂದು ಕೇಳಿದರು. ಬಳಿಕ ನಾವು ನುಂಗುವ ಎಲ್ಲ ಮಾತ್ರೆಗಳನ್ನೂ ಮೇಜಿನ ಮೇಲೆ ಹರಡಿಸಿದರು. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ ಅದರಲ್ಲಿತ್ತು. ಸ್ನಾಯುನೋವಿಗೆ ಹೆಸರಾದದ್ದು ಇದು; ಇದಕ್ಕೂ ಸಲ್ಲಬೇಕಾದುದಕ್ಕಿಂತ ಹೆಚ್ಚು ಅಪಕೀರ್ತಿ ಬಂದಿದೆಯೆನ್ನುವುದು ಬೇರೆ ಮಾತು. ಹೃದಯದ ತಾಳ ಸರಿಪಡಿಸುವ ಅಮಿಯೋಡರೋನ್ ಕೆಲವು ಸ್ಟ್ಯಾಟಿನ್‌ಗಳೊಡನೆ ಸೇರಿದರೆ ಸ್ನಾಯುಗಳಿಗೆ ಕೇಡು. ಅದು ಥೈರಾಯ್ಡ್ ಗ್ರಂಥಿಯನ್ನು ಮಂದಗೊಳಿಸಿದರೂ ಮೈಕೈ ನೋಯುವುದು. ನಮ್ಮ ವಿಷಯದಲ್ಲಿ ರಕ್ತಪರೀಕ್ಷೆಯಿಂದ ವಿಟಮಿನ್ ಡಿ ಬಹಳ ಕಡಿಮೆಯೆಂದೂ, ಕ್ಷಕಿರಣದ ಚಿತ್ರದಿಂದ ಮಂಡಿ ಸವೆದಿದೆಯೆಂದೂ ತಿಳಿಯಿತು. ಎಪ್ಪತ್ತೊಂದು ವರ್ಷ ನಮ್ಮನ್ನು ಹೊತ್ತು ತಿರುಗಿದ ಮಂಡಿ. ಅದನ್ನು ನಿಂದಿಸಲು ನಮಗೆ ಮನಸ್ಸು ಬಾರದು.

ಗೃಹಸ್ಥರು ಹೆದರಬೇಕಾದುದು ನೋವಿಗಿಂತಲೂ ನೋವಿಗೆ ಮಾಡುವ ಉಪಚಾರಕ್ಕೆ. ಡೈಕ್ಲೋಫೆನಾಕ್, ಐಬುಪ್ರೊಫೇನ್ ಮೊದಲಾದ ನೋವಿನ ಮಾತ್ರೆಗಳು ಕಡಲೆಪುರಿಯಷ್ಟು ಸುಲಭವಾಗಿ ಸಿಗುತ್ತವೆ. ಇವು ಜಠರದ ಒಳಪೊರೆಯನ್ನು ಕೆಡಿಸುತ್ತವೆ. ರಕ್ತದ ಕಿರುಬಿಲ್ಲೆಗಳು ಒಂದಕ್ಕೊಂದು ಅಂಟುವುದನ್ನೂ ತಡೆಯುತ್ತವೆ. ರಕ್ತದ ಮಾತ್ರೆಯೊಡನೆ ಇವು ಸೇರಿದರೆ ರಕ್ತಸ್ರಾವದ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ. ಪ್ಯಾರಸಿಟಮಾಲ್ ಇವುಗಳಿಗಿಂತ ಸಾಧು. ಅದನ್ನೂ ದಿನಕ್ಕೆ ನಾಲ್ಕಾರರಂತೆ ಹಲವು ದಿನ ತೆಗೆದುಕೊಂಡರೆ ವಾರ್ಫರಿನ್ ಸೇವಿಸುವವರ ರಕ್ತ ಮಿತಿಮೀರಿ ಹೆಪ್ಪುಗಟ್ಟದಂತಾಗುವುದುಂಟು. ಹೆಸರೇ ಇಲ್ಲದ ಪುಡಿಯನ್ನು ಪೊಟ್ಟಣದಲ್ಲಿ ಕಟ್ಟಿ "ಮೂರು ದಿನದಲ್ಲಿ ಓಡಾಡುತ್ತೀರಿ" ಎನ್ನುವವರ ಔಷಧದಲ್ಲಿ ಸ್ಟೀರಾಯ್ಡನ್ನೋ ಈ ನೋವಿನ ಮಾತ್ರೆಯನ್ನೋ ಅರೆದು ಸೇರಿಸಿರುವುದು ಎಷ್ಟೋ ಸಲ ಪರೀಕ್ಷೆಯಲ್ಲಿ ಹೊರಬಿದ್ದಿದೆ. ಇನ್ನು ಸೊಂಟಕ್ಕೆ ಚುಚ್ಚುವ ಸೂಜಿಮದ್ದು! ನಮ್ಮ ಜನಕ್ಕೆ ಸೂಜಿ ಚುಚ್ಚದ ವೈದ್ಯನು ವೈದ್ಯನೇ ಅಲ್ಲ. ಈ ಮಾತ್ರೆ ನುಂಗುವವನ ಸ್ನಾಯುವಿನೊಳಕ್ಕೆ ಸೂಜಿಯಿಳಿದರೆ ಅಲ್ಲಿ ರಕ್ತ ಕಟ್ಟಿಕೊಳ್ಳಬಹುದು.

ನಿಜವಾಗಿಯೂ ಔಷಧದಿಂದಲೇ ಬರುವ ನೋವು ಹೇಗಿರುತ್ತದೆಂಬುದನ್ನು ನಾವು ನಮ್ಮ ಅತ್ತಿಗೆಯವರಲ್ಲಿ ಕಂಡೆವು. ಅವರಿಗೂ ನಮ್ಮದೇ ಹೃದಯರೋಗ. ಔಷಧ ಮಾತ್ರ ವಾರ್ಫರಿನ್. ಅದನ್ನು ಸೇವಿಸುವವರು ಐ.ಎನ್.ಆರ್. ಎಂಬ ರಕ್ತಪರೀಕ್ಷೆಯನ್ನು ಆಗಾಗ ಮಾಡಿಸಬೇಕು. ಅಂಕ 2ರಿಂದ 3ರೊಳಗಿದ್ದರೆ ಕ್ಷೇಮ. ಹೊಟ್ಟೆ ಕೆಟ್ಟಿತೆಂದು ಬೇರೊಬ್ಬ ವೈದ್ಯರು ಅವರಿಗೆ ಮೆಟ್ರೊನಿಡಜೋಲ್ ಮಾತ್ರೆಗಳನ್ನು ಕೊಟ್ಟರು. ಅದು ವಾರ್ಫರಿನ್ನಿನ ಬಲವನ್ನು ಏರಿಸತಕ್ಕದ್ದು. ಆರನೆಯ ದಿನ ಬೆಳಗ್ಗೆ ನೀರಿನ ಬಿಂದಿಗೆಯನ್ನು ಎತ್ತಿದವರಿಗೆ ಬಲ ತೊಡೆಸಂದಿನಲ್ಲಿ ಛಳಕು ಬಂದಿತು. "ಏನೂ ಇಲ್ಲಪ್ಪಾ, ವಾಯು ಹಿಡಿದುಕೊಂಡಿದೆ, ಸ್ವಲ್ಪ ಎಣ್ಣೆ ತಿಕ್ಕಿದರೆ ಹೋಗುತ್ತೆ" ಎಂದರು. ಸಂಜೆಯ ಹೊತ್ತಿಗೆ ಕಾಲನ್ನು ಮಡಿಸಿಕೊಂಡೇ ಮಲಗಿದ್ದರು, ನೀಡಲು ಬಾರದು. ತೊಡೆಯ ಮುಂಭಾಗ ಜೋಮು ಹಿಡಿದಂತಿತ್ತು, ಮುಖ ಬಿಳಿಚಿಕೊಂಡಿತ್ತು. ನಮ್ಮಣ್ಣನವರು ಎಣ್ಣೆಯ ಬಟ್ಟಲನ್ನು ಅಲ್ಲಿಯೇ ಇಟ್ಟು ಗಾಡಿ ತರಿಸಿದರು. ಐ.ಎನ್.ಆರ್. 7ನ್ನು ಮೀರಿತ್ತು. ಬೆನ್ನೆಲುಬಿನಿಂದ ತೊಡೆಗೆ ಇಳಿಯುವ ದೊಡ್ಡ ಸ್ನಾಯುವಿನೊಳಗೆ ರಕ್ತ ಸುರಿದು ತೆಂಗಿನಕಾಯಿಯ ಗಾತ್ರ ಕಟ್ಟಿಕೊಂಡಿತ್ತು. ವಿಟಮಿನ್ ಕೆ ಕೊಟ್ಟು, ಎರಡು ಬಾಟಲಿ ರಕ್ತ ಏರಿಸಿ, ಹತ್ತು ದಿನ ಆಸ್ಪತ್ರೆಯಲ್ಲಿ ಇರಿಸಿಕೊಂಡರು. ಆ ಸಂಜೆ ಬಲವಾಗಿ ಎಣ್ಣೆ ತಿಕ್ಕಿ ಬೆಳಗಾಗಲೆಂದು ಕಾದಿದ್ದರೆ ಏನಾಗುತ್ತಿತ್ತೆಂದು ಅಲ್ಲಿಯ ವೈದ್ಯರನ್ನು ನಮ್ಮಣ್ಣನವರು ಕೇಳಿದರಂತೆ. ಅವರು ಉತ್ತರ ಕೊಡಲಿಲ್ಲವಂತೆ.

ಕೆಲವು ವಾರಗಳ ಮೇಲೆ ವೈದ್ಯರೇ ಅವರಿಗೆ ಮತ್ತೆ ರಕ್ತದ ಮಾತ್ರೆಯನ್ನು, ಈ ಬಾರಿ ಹೊಸದನ್ನು, ಆರಂಭಿಸಿದರು. ಅತ್ತಿಗೆಯವರು ಅದನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಇದೇ ಅಲ್ಲವೇ ನನ್ನನ್ನು ಮಲಗಿಸಿದ್ದು?" ಎಂದರು. ಅಣ್ಣನವರು ತಮ್ಮ ತಾಯಿಯ ಹೆಸರನ್ನು ಮಾತ್ರ ಹೇಳಿದರು. ನಮ್ಮ ತಾಯಿ ಪಾರ್ಶ್ವವಾಯುವಿನಿಂದ ಒಂಬತ್ತು ವರ್ಷ ಹಾಸಿಗೆಯಲ್ಲಿದ್ದರು. ಅಷ್ಟು ಕಾಲವೂ ಅವರ ಬಾಯಿಗೆ ಅನ್ನವಿಕ್ಕಿದವರು ಈ ಅತ್ತಿಗೆಯೇ. ಅವರು ನೀರು ಕೇಳಿ ಮಾತ್ರೆಯನ್ನು ನುಂಗಿದರು.

ನಮ್ಮ ನೋವು ಪೂರ್ತಿ ಹೋಗಿಲ್ಲ. ವಿಟಮಿನ್ ತುಂಬಿದ ಮೇಲೆ ಹೆಗಲುಗಳು ಹಗುರಾದವು. ಮಂಡಿಗೆ ವ್ಯಾಯಾಮ ಹೇಳಿಕೊಟ್ಟಿದ್ದಾರೆ: ಕುರ್ಚಿಯಲ್ಲಿ ಕುಳಿತು ಕಾಲನ್ನು ನೇರವಾಗಿ ನೀಡಿ ಹತ್ತು ಎಣಿಸುವವರೆಗೆ ಹಿಡಿದು ಇಳಿಸುವುದು, ಕಾಲಿಗೆ ಹತ್ತು ಸಲ. ಶನಿವಾರದ ಅಭ್ಯಂಜನಕ್ಕೂ ವೈದ್ಯರ ಅಡ್ಡಿಯಿಲ್ಲ, ಎಣ್ಣೆಯನ್ನು ಮೆಲ್ಲಗೆ ಸವರಿಕೊಂಡರೆ ಸಾಕು, ಆಳು ಕರೆಯಿಸಿ ತಿಕ್ಕಿಸಿಕೊಳ್ಳಬಾರದು ಎಂದಿದ್ದಾರೆ.