ಮರದ ಹಲ್ಲು

ನನಗೆ ಅಮೆರಿಕದ ಅಧ್ಯಕ್ಷರ ಹುಚ್ಚು. ಗಣಿತದ ಮಾಸ್ತರಿಕೆ ಮಾಡಿ ನಿವೃತ್ತನಾದವನಿಗೆ ಕಿನ್ನಾಳದಲ್ಲಿ ಕೂತು ಇದು ಹಿಡಿಯಲು ಬೆನ್ನು ಹರಿದ ಒಂದು ಹಳೇ ಪುಸ್ತಕ ಸಾಕಾಯಿತು. ಚಹಾದಂಗಡಿಯಲ್ಲಿ ಯಾರಾದರೂ 1991ರಲ್ಲಿ ಸಿದ್ದರಾಮಯ್ಯ ಕೊಪ್ಪಳ ಲೋಕಸಭೆಗೆ ನಿಂತು ಸೋತ ಸುದ್ದಿ ತೆಗೆದರೆ, 1858ರಲ್ಲಿ ಲಿಂಕನ್‌ಗೆ ಸೆನೆಟ್ ಸ್ಥಾನ ಕೈತಪ್ಪಿದ್ದು, 1860ರಲ್ಲಿ ಅಧ್ಯಕ್ಷಗಿರಿಯೇ ಸಿಕ್ಕಿದ್ದು ಎಲ್ಲ ಬಿಚ್ಚುತ್ತಿದ್ದೆ. ಜನ ಅರ್ಧ ಚಹಾ ಬಿಟ್ಟು ಏಳುತ್ತಿದ್ದರು. ಪಾಪ, ತಿಳಿವಳಿಕೆ ಸಾಲದು ಅಂದುಕೊಳ್ಳುತ್ತಿದ್ದೆ.

ಒಂದು ವರ್ಷ ಮಕ್ಕಳ ದಿನಕ್ಕೆ ಹತ್ತಿರದ ಹೈಸ್ಕೂಲೊಂದರಿಂದ ಭಾಷಣಕ್ಕೆ ಕರೆ ಬಂತು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಮರದ ಹಲ್ಲಿನ ಸೆಟ್ಟು ಹಾಕಿಕೊಳ್ಳುತ್ತಿದ್ದ ಎಂದು ಪುಸ್ತಕದಲ್ಲಿ ಓದಿದ್ದೆ. ಕಿನ್ನಾಳದಂಥ ಕಟ್ಟಿಗೆ ಗೊಂಬೆಯ ಊರಲ್ಲಿದ್ದು ಅಂಥದೊಂದು ಸೆಟ್ಟು ಮಾಡಿಸಿ ತೋರಿಸದಿದ್ದರೆ ಹೇಗೆ? ಗೊಂಬೆ ಮಾಡುವ ಚಿತ್ರಗಾರರ ಓಣಿಗೆ ಹೋದೆ.

ಐವತ್ತು ವರ್ಷ ಉಳಿ ಹಿಡಿದ ಕಾಕಾ ನನ್ನ ಮಾತು ಕೇಳಿ ಮುಖ ನೋಡಿದರು. ‘ಮಾಸ್ತರ, ಕಟಿಗಿ ನೀರು ಕುಡಿತೈತ್ರಿ. ಬಾಯಾಗ ಹಗಲೂ ರಾತ್ರಿ ಉಗುಳು. ನಾಕ ದಿನಕ್ಕ ಉಬ್ಬಿ ನಾರತೈತಿ. ಆ ಮನಷ್ಯಾ ಉಂಡದ್ದಾದರೂ ಹೆಂಗ?’

‘ಕಾಕಾ, ಇದು ಪುಸ್ತಕದಾಗ ಐತಿ.’

‘ಆತು ಬಿಡ್ರಿ, ಮಾಡಿಕೊಡ್ತೀನಿ.’

ಹಗುರ ಕಟ್ಟಿಗೆಯಲ್ಲಿ ಎರಡು ಕಮಾನು ಕೆತ್ತಿ, ಕಟ್ಟಿಗೆಪುಡಿಗೆ ಹುಣಸೆಬೀಜದ ಅಂಟು ಕಲಸಿದ ಕಿಟ್ಟದಲ್ಲಿ ಹಲ್ಲು ಕೂಡಿಸಿ, ವಸಡಿಗೆ ಗುಲಾಬಿ ಬಣ್ಣ ಬಳಿದು ಕೊಟ್ಟರು. ನೋಡಿದರೆ ಈಗಲೇ ಕಚ್ಚೀತು ಅನ್ನುವಂತಿತ್ತು.

ನಾನು ನಲವತ್ತು ನಿಮಿಷ ಮಾತಾಡಿದೆ. (ವಾಷಿಂಗ್ಟನ್ 1793ರಲ್ಲಿ ಎರಡನೇ ಸಲ ಪ್ರಮಾಣ ಮಾಡಿದಾಗ ಆಡಿದ್ದು 135 ಪದ. ಅದೂ ನನಗೆ ಗೊತ್ತಿತ್ತು.) ಬಾಲಕ ವಾಷಿಂಗ್ಟನ್ ಚೆರ್ರಿ ಗಿಡ ಕಡಿದು ಅಪ್ಪನ ಮುಂದೆ ನಿಜ ಒಪ್ಪಿಕೊಂಡ ಕಥೆ ಹೇಳಿ, ಸುಳ್ಳು ಆಡಬೇಡಿರಿ ಎಂದು ಬುದ್ಧಿ ಹೇಳಿದೆ. ಕಡೆಗೆ ಹಲ್ಲು ಎತ್ತಿ ಹಿಡಿದೆ. ಚಪ್ಪಾಳೆ! ಅಷ್ಟಕ್ಕೇ ಇಳಿದು ಬರಬೇಕಿತ್ತು. ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, ‘ಸರ್, ಇದನ್ನ ನೀರಾಗ ಇಟ್ರ ಏನಾಗತೈತ್ರಿ?’ ಎಂದಳು. ‘ಏನೂ ಆಗಂಗಿಲ್ಲ, ನೋಡವಾ’ ಎಂದು ಮೇಜಿನ ಮೇಲಿನ ಗಾಜಿನ ಲೋಟದಲ್ಲಿ ಸೆಟ್ಟನ್ನು ಮುಳುಗಿಸಿಟ್ಟು ಕೂತೆ.

ಆಮೇಲೆ ಅತಿಥಿಗಳ ಮಾತು, ಬಹುಮಾನ, ಸನ್ಮಾನ. ನೀರು ಮೆಲ್ಲಗೆ ಗುಲಾಬಿಯಾಯಿತು. ಒಂದು ಹಲ್ಲು ತೇಲಿ ಬಂತು. ಮುಂದಿನ ಸಾಲಿನಲ್ಲಿ ಯಾರೋ ‘ಒಂದು’ ಅಂದರು. ನಾನು ಛಾವಣಿ ನೋಡಿದೆ. ‘ಎರಡು’ ಅನ್ನುವಾಗ ನಾಲ್ಕೈದು ದನಿ ಇದ್ದವು. ‘ಮೂರು’ ಅನ್ನುವಾಗ ಇಡೀ ಶಾಲೆಯೇ ಇತ್ತು. ಅದೇ ಹೊತ್ತಿಗೆ ನನ್ನ ಹೆಗಲಿಗೆ ಶಾಲು ಹೊದಿಸುತ್ತಿದ್ದರು.

ಆ ರಾತ್ರಿ ನಿದ್ದೆ ಹತ್ತದೆ ಹುಡುಕಿ ಓದಿದೆ. 1789ರಲ್ಲಿ ಅಧ್ಯಕ್ಷನಾಗುವಾಗ ವಾಷಿಂಗ್ಟನ್‌ಗೆ ಉಳಿದಿದ್ದದ್ದು ಒಂದೇ ಸ್ವಂತ ಹಲ್ಲು ನಿಜ. ಆದರೆ ಕಟ್ಟಿಸಿಕೊಂಡ ಸೆಟ್ಟುಗಳಲ್ಲಿ ಮರದ ಚೂರೂ ಇರಲಿಲ್ಲ. ನೀರಾನೆಯ ದಂತ, ಸೀಸ, ಸ್ಪ್ರಿಂಗು, ಮನುಷ್ಯರ ಹಲ್ಲು. ದಂತಕ್ಕೆ ಕಂದು ಕಲೆ ಹತ್ತಿ ಸೀಳು ಬಿಟ್ಟು ಕಟ್ಟಿಗೆಯಂತೆ ಕಂಡಿರಬೇಕು ಅನ್ನುತ್ತಾರೆ. ಚೆರ್ರಿ ಗಿಡವೂ ಕಟ್ಟುಕಥೆ. ವೀಮ್ಸ್ ಎಂಬ ಪಾದ್ರಿ ತಾನು ಬರೆದ ಜೀವನಚರಿತ್ರೆಗೆ ಅದನ್ನು ಸೇರಿಸಿದ್ದು 1806ರಲ್ಲಿ, ವಾಷಿಂಗ್ಟನ್ ಸತ್ತು ಏಳು ವರ್ಷಕ್ಕೆ. ಸುಳ್ಳು ಆಡಬೇಡಿರಿ ಎಂದು ಮಕ್ಕಳಿಗೆ ಹೇಳಲು ಸುಳ್ಳನ್ನೇ ಹೊತ್ತು ಹೋಗಿದ್ದೆ.

ತಪ್ಪು ಓದಿದ್ದಕ್ಕೆ ಅಷ್ಟು ನಾಚಿಕೆಯಿಲ್ಲ, ಯಾರೂ ಓದಿಯಾರು. ಆದರೆ ಕಟ್ಟಿಗೆಯ ಗುಣ ಬಲ್ಲವರು ಎದುರಿಗೇ ಕೂತು ಹೇಳಿದ್ದರು. ಅದನ್ನೇ ಇಂಗ್ಲಿಷಿನಲ್ಲಿ ಅಚ್ಚು ಹಾಕಿದ್ದರೆ ಅಡಿಗೆರೆ ಎಳೆದು ಓದುತ್ತಿದ್ದೆ. ಚಹಾದಂಗಡಿಯವರು ಯಾಕೆ ಎದ್ದು ಹೋಗುತ್ತಿದ್ದರೆಂಬುದೂ ಆಗಲೇ ಸ್ವಲ್ಪ ಹೊಳೆದದ್ದು.

ಓದುವಾಗ ಇನ್ನೊಂದು ಸಂಗತಿ ಸಿಕ್ಕಿತ್ತು. ವಾಷಿಂಗ್ಟನ್‌ನ ಮೌಂಟ್ ವರ್ನನ್ ಎಸ್ಟೇಟಿನ ಲೆಕ್ಕದ ಪುಸ್ತಕದಲ್ಲಿ 1784ರ ಮೇ ತಿಂಗಳ ಒಂದು ಖರ್ಚಿದೆ: ಗುಲಾಮರಿಂದ ಕೊಂಡ 9 ಹಲ್ಲು, 6 ಪೌಂಡ್ 2 ಶಿಲಿಂಗ್.

ತಿಂಗಳೊಪ್ಪತ್ತು ಚಿತ್ರಗಾರರ ಓಣಿಯತ್ತ ಸುಳಿಯಲಿಲ್ಲ. ಕೊನೆಗೆ ಹೋದೆ. ಕಾಕಾ ಗರುಡನ ರೆಕ್ಕೆಗೆ ಕಿಟ್ಟ ಮೆತ್ತುತ್ತಿದ್ದರು. ಎಲ್ಲ ಹೇಳಿದೆ. ‘ನಾ ಹೇಳಿದ್ನಿಲ್ರಿ?’ ಅಂದಾರು ಎಂದು ಕಾದೆ. ಅನ್ನಲಿಲ್ಲ. ಒಂಬತ್ತು ಹಲ್ಲಿನ ಮಾತಿಗೆ ಅವರ ಕೈ ನಿಂತಿತು.

‘ಯಾರವಂತ್ರಿ ಆ ಹಲ್ಲು? ಹೆಸರ ಬರದಾರೇನು?’

ಹೆಸರು ಬರೆದಿಲ್ಲ. ‘ನೀಗ್ರೋಗಳು’ ಎಂದಷ್ಟೇ ಇದೆ.