ಪಾವಿನ ತಲೆ

ಬೆಳಗ್ಗೆ ಬೆಳಗ್ಗೆಯೇ ಸಿಟ್ಟು ಬರಿಸಿದ್ದು ಒಂದು ಪ್ಲಾಸ್ಟಿಕ್ ಲೋಟ. ಸೊಸೆ ತರಿಸಿದ್ದು. ಮೈಮೇಲೆ 'ಒಂದು ಕಪ್, 250 ಗ್ರಾಂ' ಎಂದು ಅಚ್ಚು ಹಾಕಿದ್ದಾರೆ. ಯಾವುದರ 250 ಗ್ರಾಂ ಸ್ವಾಮಿ? ನೀರಾದರೆ ಸರಿ. ಅದೇ ಲೋಟಕ್ಕೆ ಪೇಪರ್ ಅವಲಕ್ಕಿ ಸುರಿದರೆ 50 ಗ್ರಾಂ ಮುಟ್ಟುವುದೂ ಕಷ್ಟ. ಅಕ್ಕಿ 200ರ ಆಸುಪಾಸು, ರಾಗಿಹಿಟ್ಟು ಅದಕ್ಕಿಂತ ಎಷ್ಟೋ ಹಗುರ, ಜೇನುತುಪ್ಪವೋ 350ರ ಹತ್ತಿರ. ಹಿಟ್ಟನ್ನು ಕುಟ್ಟಿ ತುಂಬಿದರೆ ಒಂದು ತೂಕ, ಜರಡಿಯಾಡಿ ತುಂಬಿದರೆ ಇನ್ನೊಂದು. ಒಲೆ ಮುಂದೆ ನಿಂತವರಿಗೆ ಇದನ್ನೆಲ್ಲ ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ದೇವನೂರಿನ ಕಡೆಯ ಹಳಬರಿಗೆ ಈ ಗೊಂದಲವೇ ಇರಲಿಲ್ಲ. ಮೈಸೂರು ಸೀಮೆಯಲ್ಲಿ ಸೇರು ಎರಡು. ಬೆಲ್ಲ, ಹುಣಸೆಹಣ್ಣು ತೂಗುವ ಕಚ್ಚಾ ಸೇರು 24 ತೊಲ, ಈಗಿನ ಸುಮಾರು 280 ಗ್ರಾಂ. ದವಸ ಅಳೆಯುವುದು ಪಕ್ಕಾ ಸೇರು. ಅದನ್ನು ಗೊತ್ತು ಮಾಡಿದ ಬಗೆ ನನಗೆ ಬಲು ಇಷ್ಟ. ಒಂಬತ್ತು ಬಗೆಯ ದವಸವನ್ನು ಸಮಸಮ ಬೆರೆಸಿ, ಅದರಲ್ಲಿ 84 ರೂಪಾಯಿ ತೂಕದಷ್ಟು ತೆಗೆದು ಸುರಿದು, ತಲೆ ಗೀಟಿದಾಗ ಅಂಚಿಗೆ ಸರಿಯಾಗಿ ನಿಲ್ಲುವ ಪಾತ್ರೆಯೇ ಸೇರು! ಹಗುರದ್ದೂ ಗೆಲ್ಲಬಾರದು, ಭಾರದ್ದೂ ಗೆಲ್ಲಬಾರದು. 1956ರ ಕಾನೂನು ಇದನ್ನೆಲ್ಲ ಅಳಿಸಿ ಕಿಲೋ, ಲೀಟರು ತಂದಿತು. ಆದರೂ ಕಾಲು ಸೇರು ಹಿಡಿಯುವ ಸ್ಟೀಲಿನ ಪಾವು ಪಾತ್ರೆ ಅಂಗಡಿಯಲ್ಲಿ ಇವತ್ತಿಗೂ ಸಿಗುತ್ತದೆ, ನಮ್ಮ ಅಕ್ಕಿ ಡಬ್ಬದಲ್ಲೂ ಒಂದು ಹೂತುಕೊಂಡು ಕೂತಿದೆ.

ನನ್ನ ಕೇಳಿದರೆ ಅಳತೆಯ ಮರ್ಮವೆಲ್ಲ ಆ ಪಾತ್ರೆಯ ಅಂಚಿನಿಂದ ಮೇಲಕ್ಕೆ ಇರುವುದು. ತಲೆ ಗೀಟಿದ್ದೋ, ರಾಶಿ ಏರಿಸಿದ್ದೋ? ಕಣದಲ್ಲಿ ಅಳೆಯುವವನನ್ನು ನೋಡಿದವರಿಗೆ ಗೊತ್ತು. ತನಗೆ ಬರಬೇಕಾದಾಗ ಎಡಗೈಯನ್ನು ಕೊಳಗದ ಬಾಯಿಗೆ ಅಡ್ಡ ಕಟ್ಟಿ ಗೋಪುರ ಏರಿಸುತ್ತಾನೆ, ಎರಡು ಸಲ ಅಲುಗಿಸಿ ಇನ್ನೊಂದು ಬೊಗಸೆಗೆ ಜಾಗ ಮಾಡುತ್ತಾನೆ. ಕೂಲಿಯವರಿಗೆ ಕೊಡುವಾಗ ಅದೇ ಕೊಳಗ ಅಲುಗದೆ ನಿಲ್ಲುತ್ತದೆ, ಹೆಬ್ಬೆರಳು ಮಾತ್ರ ಒಳಗೇ ಇರುತ್ತದೆ. ಮೊದಲ ಕೊಳಗಕ್ಕೆ 'ಒಂದು' ಎನ್ನುವ ಹಾಗಿಲ್ಲ, 'ಲಾಭ' ಎನ್ನಬೇಕು. ಯಾರಿಗೆ ಲಾಭ ಎನ್ನುವುದನ್ನು ಆ ಹೆಬ್ಬೆರಳನ್ನೇ ಕೇಳಬೇಕು. ಈ ಹೆಬ್ಬೆರಳಿನ ಮೇಲೆ ಯಾರಾದರೂ ಪಿಎಚ್‌.ಡಿ. ಮಾಡಬಾರದೇ ಎಂದು ನಾನು ಸಿಕ್ಕಿದವರಿಗೆಲ್ಲ ಹೇಳುತ್ತಿರುತ್ತೇನೆ, ಅವರು ಬಸ್ಸಿಗೆ ಹೊತ್ತಾಯಿತು ಎನ್ನುತ್ತಾರೆ.

ಅಳತೆ ಎಂದರೆ ನನಗೆ ನಮ್ಮೂರಿನ ದೇವನೂರ ಮಹಾದೇವರ 'ಒಡಲಾಳ' ಕಾದಂಬರಿಯೂ ನೆನಪಾಗುತ್ತದೆ. ಸಾಹುಕಾರನ ಕಡಲೆಕಾಯಿ ಕಳವಾಗಿ ಸಾಕವ್ವನ ಮನೆಗೆ ಬಂದು, ಮನೆಮಂದಿಯೆಲ್ಲ ಕೂತು ರಾತ್ರಿ ಬೆಳಗಾಗುವುದರೊಳಗೆ ತಿಂದು ಮುಗಿಸುತ್ತಾರಲ್ಲ, ಆ ಕಡಲೆಕಾಯಿಗೆ ಸೇರು ಯಾವುದು, ಕಿಲೋ ಯಾವುದು? ಪೊಲೀಸರು ಬಂದರೂ ತಕ್ಕಡಿಗೆ ಹಾಕಲು ಏನೂ ಸಿಗುವುದಿಲ್ಲ.

ನಮ್ಮವ್ವನಿಗಂತೂ ಪಾವೂ ಬೇಕಿರಲಿಲ್ಲ. ಮುದ್ದೆಗೆ ಹಿಟ್ಟೆಷ್ಟು ಎಂದರೆ 'ಎಸರು ಕೇಳಿದಷ್ಟು' ಎನ್ನುತ್ತಿದ್ದಳು. ಇದನ್ನು ಗ್ರಾಮಿಗೆ ಇಳಿಸಿಕೊಡಿ ಎಂದು ಸೊಸೆ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆಯೇ, ಎಸರು ಎಲ್ಲರ ಹತ್ತಿರವೂ ಮಾತಾಡುವುದಿಲ್ಲ.

ಆದರೆ ಎಲ್ಲವನ್ನೂ ತೂಕಕ್ಕೆ ತಂದೇ ತೀರುತ್ತೇವೆ ಎನ್ನುವ ಹಟವೂ ಅತಿಯಾಯಿತು. ಬಾಳೆಹಣ್ಣನ್ನೇ ನೋಡಿ. ನಂಜನಗೂಡು ರಸಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆಯೇನೋ ಸಿಕ್ಕಿತು. ಹಣ್ಣು ಸಿಗುವುದೇ ಅಪರೂಪ. ಸಿಗುವ ಏಲಕ್ಕಿ ಬಾಳೆಯನ್ನು ಡಜನ್ ಲೆಕ್ಕ ಬಿಟ್ಟು ಕೆಜಿಗೆ ತೂಗುತ್ತಾರೆ. ಸಿಪ್ಪೆಗೂ ದುಡ್ಡು, ಚಿಪ್ಪಿನ ತೊಟ್ಟಿಗೂ ದುಡ್ಡು. ತೊಟ್ಟು ಕತ್ತರಿಸಿ ತೂಗಪ್ಪ ಎಂದರೆ ಅಂಗಡಿಯವನು ಮೇಲಿಂದ ಕೆಳಗೆ ನೋಡಿದ. ಪುಣ್ಯಕ್ಕೆ ಮೈಸೂರು ವೀಳ್ಯದೆಲೆ ಇನ್ನೂ ಕಟ್ಟಿನ ಲೆಕ್ಕದಲ್ಲೇ ಇದೆ. ಅದನ್ನೂ ತಕ್ಕಡಿಗೆ ಹಾಕಿದರೆ, ಎಲೆ ಬಾಡದಿರಲೆಂದು ಗಳಿಗೆಗೊಮ್ಮೆ ಚಿಮುಕಿಸುವ ನೀರಿಗೂ ನಾವೇ ದುಡ್ಡು ಕೊಡಬೇಕಾದೀತು.