ಪ್ಲ್ಯಾನಿನಲ್ಲಿದ್ದ ಬಾಣ

ಬೆಂಗಳೂರಿನ ಫ್ಲ್ಯಾಟಿನ ಇಎಂಐ ಇನ್ನೂ ಹದಿಮೂರು ವರ್ಷ ಬಾಕಿ ಇರುವಾಗಲೇ ಪುತ್ತೂರು ಕಡೆಯ ನಮ್ಮೂರಲ್ಲಿ ಹತ್ತು ಸೆಂಟ್ಸ್ ಜಾಗ ತಗೊಂಡು ಎರಡನೇ ಮನೆ ಕಟ್ಟಿಸಿದೆ. ಕನ್ವರ್ಷನ್ ಆದ ಜಾಗ, 9/11 ಸರಿಯಿತ್ತು, ಪಂಚಾಯತ್ ಲೈಸೆನ್ಸೂ ಸಿಕ್ಕಿತು. ಗುಡ್ಡದ ಓರೆಯನ್ನು ಜೆಸಿಬಿ ಎರಡೇ ದಿನದಲ್ಲಿ ಮಟ್ಟ ಮಾಡಿತು. ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸಿ, ಡಿಸೆಂಬರಿನಲ್ಲಿ ಒಕ್ಕಲು ಮುಗಿಸಿ ಬೆಂಗಳೂರಿಗೆ ವಾಪಸಾದೆ.

ಜೂನ್ ಕೊನೆಗೆ ಪಂಚಾಯತ್‌ನಿಂದ ಫೋನ್. ‘ನಿಮ್ಮ ಮನೆ ಮೇಲೆ ತಕರಾರು ಅರ್ಜಿ ಬಂದಿದೆ.’ ಕೊಟ್ಟವರು ಕೆಳಗಿನ ಅಡಿಕೆ ತೋಟದ ಅಣ್ಣ. ಚಿಕ್ಕಂದಿನಲ್ಲಿ ಮಳೆಗಾಲದಲ್ಲಿ ನಮ್ಮನ್ನು ಕೈಹಿಡಿದು ತೋಡು ದಾಟಿಸುತ್ತಿದ್ದವರು. ನನ್ನ ಹತ್ರಾನೇ ಹೇಳಬಹುದಿತ್ತಲ್ಲ ಅಂತ ಬೇಜಾರಾಯಿತು.

ಬೇಜಾರಿನ ಜೊತೆಗೆ ಗೆಲ್ಲುವ ಹಟವೂ ಬಂತು. ರಾತ್ರಿ ಕೂತು 1882ರ ಈಸ್ಮೆಂಟ್ ಕಾಯ್ದೆ ಓದಿದೆ. 7ನೇ ಸೆಕ್ಷನ್ನಿನ ಉದಾಹರಣೆಗಳಲ್ಲಿ ನನಗೆ ಬೇಕಾದದ್ದೇ ಇತ್ತು. ಮೇಲಿನ ಜಾಗದಲ್ಲಿ ಬಿದ್ದು, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದ ನೀರು ಸಹಜವಾಗಿ ಇಳಿದು ಬರುವುದಕ್ಕೆ ಕೆಳಗಿನ ಜಾಗದವರು ಅಡ್ಡಿ ಮಾಡುವಂತಿಲ್ಲ. ಪ್ರಿಂಟ್ ತೆಗೆದು ರಾತ್ರಿ ಬಸ್ ಹತ್ತಿದೆ.

ಬೆಳಿಗ್ಗೆ ಪಿಡಿಒ ಜಾಗಕ್ಕೆ ಬಂದರು. ಪ್ರಿಂಟ್ ಕೊಟ್ಟೆ. ಅವರು ಓದಿ ಅಣ್ಣನಿಗೆ ಕನ್ನಡದಲ್ಲಿ ಹೇಳಿದರು. ಅಣ್ಣ ಜಗಳ ಮಾಡಲಿಲ್ಲ. ಕಾಂಪೌಂಡಿನಿಂದ ಹೊರಗೆ ಇಣುಕುತ್ತಿದ್ದ ಆರಿಂಚಿನ ಪಿವಿಸಿ ಪೈಪ್ ತೋರಿಸಿ, ‘ಸಹಜವಾಗಿ ಅಂತ ಉಂಟಲ್ಲ ಮಾರಾಯ, ಇದು ಸಹಜವಾ?’ ಎಂದರು.

ಪೈಪಿನ ಬಾಯಿಯ ಕೆಳಗೆ ತೋಟದ ಮಣ್ಣು ಕೊಚ್ಚಿಹೋಗಿ ಅಡಿಕೆ ಮರಗಳ ಬೇರು ಕಾಣುತ್ತಿತ್ತು. ಆಚೆ ಮೂರು ಸಾಲು ಮರಗಳು ನೀರಿನಲ್ಲೇ ನಿಂತಿದ್ದವು. ಅಡಿಕೆಯ ಬೇರು ನಿಂತ ನೀರನ್ನು ತಡೆಯುವುದಿಲ್ಲ ಅನ್ನೋದು ತೋಟದ ಮನೆಯಲ್ಲಿ ಹುಟ್ಟಿದ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಪಿಡಿಒ ಪ್ಲ್ಯಾನ್ ಬಿಡಿಸಿದರು. ಸೆಟ್‌ಬ್ಯಾಕ್, ಸೆಪ್ಟಿಕ್ ಟ್ಯಾಂಕ್, ಎಲ್ಲವೂ ಇತ್ತು. ಮಳೆನೀರಿಗೆ ಮಾತ್ರ ಒಂದು ಬಾಣದ ಗುರುತು, ಪಕ್ಕದಲ್ಲಿ ‘ಟು ಡ್ರೈನ್’. ಆ ಬಾಣದ ತುದಿಯಲ್ಲಿ ಡ್ರೈನ್ ಇರಲೇ ಇಲ್ಲ, ಅಣ್ಣನ ತೋಟ ಇತ್ತು.

ಮೊದಲು ಅಲ್ಲೊಂದು ಕಣಿ ಇತ್ತಂತೆ. ಗುಡ್ಡದ ನೀರನ್ನು ಬದಿಯಿಂದ ತೋಡಿಗೆ ಒಯ್ಯುತ್ತಿದ್ದ ಬಸಿಗಾಲುವೆ. ಸರ್ವೆ ನಕ್ಷೆಯಲ್ಲಿಲ್ಲ, ನನ್ನ ದಾಖಲೆಗಳಲ್ಲೂ ಇಲ್ಲ. ಪ್ರತಿ ಮೇ ತಿಂಗಳು ಅಣ್ಣನೇ ಸೋಗೆ, ಮಣ್ಣು ಎತ್ತಿ ಸರಿಮಾಡುತ್ತಿದ್ದರು. ನನ್ನ ಜೆಸಿಬಿ ಅದನ್ನು ಮುಚ್ಚಿತ್ತು. ‘ಮೂರು ಸಲ ಫೋನ್ ಮಾಡಿದ್ದೆ. ಮೀಟಿಂಗಲ್ಲಿದ್ದೇನೆ ಅಂದಿ’ ಎಂದರು ಅಣ್ಣ. ನಿಜ, ಅಂದಿದ್ದೆ.

ರಾತ್ರಿ ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್ ನೀರು. ನನ್ನ ತಾರಸಿ, ಅಂಗಳ ಸೇರಿ 325 ಚದರ ಮೀಟರ್. 100 ಮಿ.ಮೀ. ಸುರಿದ ದಿನ 32,500 ಲೀಟರ್. ಬೆಂಗಳೂರಿನಲ್ಲಿ ನಾವು ದುಡ್ಡು ಕೊಟ್ಟು ತರಿಸುವ 6,000 ಲೀಟರಿನ ಟ್ಯಾಂಕರುಗಳ ಲೆಕ್ಕದಲ್ಲಿ ಐದಕ್ಕಿಂತ ಹೆಚ್ಚು, ಎಲ್ಲ ಒಂದೇ ಪೈಪಿನಲ್ಲಿ. ವರ್ಷಕ್ಕೆ 3,500 ಮಿ.ಮೀ. ದಾಟಿ ಮಳೆ ಬರುವ ಊರಿದು. ಮೊದಲು ಗುಡ್ಡದ ಮಣ್ಣು ಅಷ್ಟಿಷ್ಟು ಕುಡಿಯುತ್ತಿತ್ತು, ಉಳಿದದ್ದು ಹರಡಿಕೊಂಡು ಇಳಿಯುತ್ತಿತ್ತು. ಕನ್ವರ್ಷನ್ ಆಗಿದ್ದು ಕಾಗದದಲ್ಲಿ, ಇಳಿಜಾರಿಗೆ ಯಾರೂ ಕನ್ವರ್ಷನ್ ಮಾಡಿರಲಿಲ್ಲ. ನನ್ನ ಅಂಗಳ ಒಣಗಿತ್ತು, ಹಾಗಾಗಿ ಸಮಸ್ಯೆಯೇ ಇಲ್ಲ ಅಂದುಕೊಂಡಿದ್ದೆ. ‘ನನ್ನ ಲ್ಯಾಪ್‌ಟಾಪಲ್ಲಿ ಸರಿ ಓಡ್ತಿದೆ’ ಅನ್ನೋ ಜೂನಿಯರ್‌ಗಳಿಗೆ ಎಷ್ಟು ಸಲ ಬೈದಿದ್ದೇನೆ!

ಅರ್ಧ ಇಂಟರ್‌ಲಾಕ್ ಕೀಳಿಸಿದೆ. ನನ್ನ ಜಾಗದೊಳಗೇ ನಲವತ್ತು ಮೀಟರ್ ಕಣಿ ತೆಗೆಸಿ ತೋಡಿಗೆ ಸೇರಿಸಿದೆ. ಖರ್ಚು ಆಯ್ತು. ಅಣ್ಣನ ಹನ್ನೊಂದು ಮರ ಮಾತ್ರ ಉಳಿಯಲಿಲ್ಲ. ದುಡ್ಡು ಕೊಡಲು ಹೋದೆ, ತಗೊಳ್ಳಲಿಲ್ಲ. ಅರ್ಜಿಯನ್ನೂ ಕೂಡಲೇ ವಾಪಸ್ ಪಡೆಯಲಿಲ್ಲ. ‘ಒಂದು ಮಳೆಗಾಲ ಹೋಗ್ಲಿ, ನೋಡುವಾ’ ಎಂದರು.

ಈ ವರ್ಷ ಜೂನ್ ಮೊದಲ ವಾರ ಅವರದೇ ಫೋನ್. ಮೀಟಿಂಗಲ್ಲಿದ್ದೆ, ಎದ್ದು ಹೊರಗೆ ಬಂದೆ. ‘ನಿನ್ನ ಕಣಿಗೆ ಸೋಗೆ ಬಿದ್ದಿತ್ತು, ತೆಗ್ದೆ. ಮುಂದಿನ ವರ್ಷ ಮೇಯಲ್ಲೇ ಬಾ, ಹಾರೆ ನನ್ನಲ್ಲಿ ಉಂಟು.’

ಮೇ ಕೊನೆಯ ವಾರಕ್ಕೆ ರಜೆ ಹಾಕಿದ್ದೇನೆ.